ಹಿಂದಿರುಗಬಹುದಾದ ಹೆಜ್ಜೆ

ಒಂಟೆಗಳ ಒಂದು ಹಿಂಡು. ಅದರ ಕಾಲು ಭಾಗ ಕಾಡಿನಲ್ಲಿ ಕಾಣಿಸುತ್ತಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಒಂಟೆಗಳು ಬೆಟ್ಟದ ತಪ್ಪಲಿಗೆ ಹೋಗಿವೆ. ಐದರ ಮೂರರಷ್ಟು, ಅಂದರೆ ಹದಿನೈದು, ಹೊಳೆಯ ದಂಡೆಯಲ್ಲಿವೆ. ಹಿಂಡಿನಲ್ಲಿ ಒಟ್ಟು ಒಂಟೆಗಳೆಷ್ಟು?

ಈ ಲೆಕ್ಕ ಕೇಳಿದವರು ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದ ಸುಮಾರಿಗೆ, ಅವರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಇದು ಬರುತ್ತದೆ. ಆ ಪುಸ್ತಕದ ತುಂಬ ಆನೆ, ನವಿಲು, ದುಂಬಿ, ಮಾವಿನ ಹಣ್ಣುಗಳದೇ ಓಡಾಟ. ಕಲಿಯುವವರು ಓದಿ ಬಿಡಿಸಲಿ ಎಂದೇ ಹೆಣೆದ ಲೆಕ್ಕಗಳವು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳೂ ಆ ಕೆಲಸಕ್ಕೆ ಒದಗಿದವು. ಸಾವಿರ ವರ್ಷಕ್ಕೂ ಹಳೆಯದಾದ ಈ ಒಂಟೆಗಳ ಲೆಕ್ಕವನ್ನು ಇವತ್ತಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಮುಂದಿಟ್ಟರೆ ಆಕೆ ಏನು ಮಾಡುತ್ತಾಳೆ?

ಮೊದಲು, ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಕೊಡುತ್ತಾಳೆ. ಅದು ಯ ಎಂದಿರಲಿ. ಕಾಡಿನವು, ಬೆಟ್ಟದವು, ಹೊಳೆಯವು ಸೇರಿದರೆ ಇಡೀ ಹಿಂಡು:

ಯ/4 + 2√ಯ + 15 = ಯ

ಇಲ್ಲಿ ತೊಡಕು ಕೊಡುವುದು ವರ್ಗಮೂಲ. ಅದನ್ನು ಒಂದು ಬದಿಯಲ್ಲಿ ಒಂಟಿಯಾಗಿ ನಿಲ್ಲಿಸಬೇಕು. ಉಳಿದದ್ದನ್ನೆಲ್ಲ ಆಚೆ ಬದಿಗೆ ಕಳಿಸಿದಾಗ 2√ಯ = 3ಯ/4 − 15 ಆಗುತ್ತದೆ. ಈಗ ಎರಡೂ ಬದಿಗಳನ್ನು ವರ್ಗ ಮಾಡಿದರೆ ಮೂಲದ ಚಿಹ್ನೆ ಹೋಗುತ್ತದೆ. ಭಿನ್ನರಾಶಿಗಳು ಬೇಡವೆಂದು ಹದಿನಾರರಿಂದ ಗುಣಿಸಿ, ಎಲ್ಲವನ್ನೂ ಒಂದೇ ಬದಿಗೆ ತಂದರೆ ಸಿಗುವುದು

9ಯ² − 424ಯ + 3600 = 0

ಇನ್ನುಳಿದದ್ದು ಸೂತ್ರದ ಕೆಲಸ. 424ರ ವರ್ಗದಿಂದ 4 × 9 × 3600 ಕಳೆದರೆ 50176. ಅದರ ವರ್ಗಮೂಲ 224. ಉತ್ತರಗಳು ಎರಡು: 648/18, ಅಂದರೆ 36, ಮತ್ತು 200/18, ಅಂದರೆ 100/9.

ಹನ್ನೊಂದು ಒಂಟೆ, ಮೇಲೆ ಒಂಬತ್ತನೆಯ ಒಂದು ಒಂಟೆ! ಅರೆಬರೆ ಒಂಟೆ ಇರುವುದಿಲ್ಲ ಎಂದು ಎರಡನೆಯ ಉತ್ತರವನ್ನು ಹುಡುಗಿ ಹೊಡೆದುಹಾಕುತ್ತಾಳೆ. ಅವಳಿಗೆ ಪೂರ್ಣ ಅಂಕವೂ ಸಿಗುತ್ತದೆ. ಆದರೆ ಆ ಉತ್ತರದ ನಿಜವಾದ ದೋಷ ಅದು ಭಿನ್ನರಾಶಿ ಎಂಬುದಲ್ಲ. ಒಂಟೆಗಳ ಬದಲು ರಾಗಿಯ ಸೇರುಗಳನ್ನು ಅಳೆಯುತ್ತಿದ್ದರೆ ಭಿನ್ನರಾಶಿ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಆಗಲೂ 100/9 ತಪ್ಪೇ. ಮೊದಲ ಸಮೀಕರಣದಲ್ಲಿ ಇಟ್ಟು ತಾಳೆ ನೋಡಿದರೆ ಗೊತ್ತಾಗುತ್ತದೆ: ಕಾಲು ಭಾಗ 25/9, ವರ್ಗಮೂಲದ ಎರಡರಷ್ಟು 60/9, ಹದಿನೈದು ಅಂದರೆ 135/9. ಕೂಡಿಸಿದರೆ 220/9 ಬರುತ್ತದೆ, ಬೇಕಾದದ್ದು 100/9. ಎಡಕ್ಕೂ ಬಲಕ್ಕೂ ಹೊಂದಿಕೆಯೇ ಇಲ್ಲ. 36 ಹಾಕಿದರೆ 9 + 12 + 15, ಸರಿಯಾಗಿ 36.

ಹಾಗಾದರೆ ಕೂಡುವುದರಲ್ಲಿ, ಕಳೆಯುವುದರಲ್ಲಿ ಎಲ್ಲೂ ತಪ್ಪದ ಲೆಕ್ಕದೊಳಗೆ ಈ ಸುಳ್ಳು ಉತ್ತರ ನುಸುಳಿದ್ದು ಎಲ್ಲಿಂದ?

ವರ್ಗ ಮಾಡಿದ ಹೆಜ್ಜೆಯಿಂದ. ಎರಡು ಸಂಖ್ಯೆಗಳು ಸಮವಾಗಿದ್ದರೆ ಅವುಗಳ ವರ್ಗಗಳೂ ಸಮ; ಇದರಲ್ಲಿ ಅನುಮಾನವಿಲ್ಲ. ಆದರೆ ವರ್ಗಗಳು ಸಮವಾಗಿದ್ದ ಮಾತ್ರಕ್ಕೆ ಸಂಖ್ಯೆಗಳು ಸಮ ಎನ್ನಲಾಗದು. 5ರ ವರ್ಗವೂ 25, −5ರ ವರ್ಗವೂ 25. ಅಂದರೆ ಈ ಹೆಜ್ಜೆಯನ್ನು ಮುಂದಕ್ಕೆ ಇಡಬಹುದು, ಅದೇ ಹಾದಿಯಲ್ಲಿ ಹಿಂದಕ್ಕೆ ಬರಲಾಗದು. 2√ಯ ಎಂದು ಬರೆದಿದ್ದರೂ −2√ಯ ಎಂದು ಬರೆದಿದ್ದರೂ ವರ್ಗ ಮಾಡಿದಾಗ 4ಯ ಎಂದೇ ಬರುತ್ತದೆ. ಮುಂಚೆ ಇದ್ದದ್ದು ಕೂಡುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಎಂಬ ಸುಳಿವು ಅಲ್ಲಿಗೆ ಅಳಿಸಿಹೋಗುತ್ತದೆ. 25/9 − 60/9 + 135/9 ಎಷ್ಟು ಎಂದು ನೋಡಿದರೆ ಸರಿಯಾಗಿ 100/9. ಅದು ಬೇರೊಂದು ಲೆಕ್ಕದ ಸರಿಯುತ್ತರ. ಬೆಟ್ಟಕ್ಕೆ ಹೋದ ಒಂಟೆಗಳನ್ನು ಕೂಡುವ ಬದಲು ಕಳೆಯಿರಿ ಎಂದು ಯಾರಾದರೂ ಕೇಳಿದ್ದರೆ, ಅವರಿಗೆ ಸಲ್ಲಬೇಕಾದ ಉತ್ತರ.

ಬೀಜಗಣಿತವನ್ನು ಹಂತಹಂತವಾಗಿ ಬಿಡಿಸುವುದು ಎಂದಾಗ ಶಾಲೆಯಲ್ಲಿ ಹೆಚ್ಚಾಗಿ ಕೇಳಿಸುವುದು 'ಈ ಕಡೆಯದನ್ನು ಆ ಕಡೆ ಹಾಕು, ಚಿಹ್ನೆ ಬದಲಾಯಿಸು' ಎಂಬ ಮಾತು. ಉತ್ತರಪತ್ರಿಕೆಯಲ್ಲೂ ಹಂತಕ್ಕೆ ಇಷ್ಟು ಎಂದು ಅಂಕ ಹಂಚುತ್ತಾರೆ. ಅದು ಒಳ್ಳೆಯ ಪದ್ಧತಿಯೇ; ದಾರಿಗೂ ಬೆಲೆಯಿದೆ ಎಂದು ಅದು ಹೇಳುತ್ತದೆ. ಆದರೆ ಪ್ರತಿಯೊಂದು ಹಂತವೂ ಒಂದು ವಾದ ಎಂಬುದನ್ನು ಅಷ್ಟು ಬಿಡಿಸಿ ಹೇಳುವವರು ಕಡಿಮೆ. ಮೇಲಿನ ಸಾಲು ನಿಜವಾದರೆ ಕೆಳಗಿನ ಸಾಲೂ ನಿಜ ಎಂಬುದು ಆ ವಾದ. ಕೆಳಗಿನದು ನಿಜವಾದರೆ ಮೇಲಿನದೂ ನಿಜವೇ ಎಂಬುದು ಬೇರೆಯದೇ ಪ್ರಶ್ನೆ, ಅದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು. ಎರಡೂ ಬದಿಗೆ 7 ಕೂಡಿಸಿದರೆ ಹಿಂದಕ್ಕೆ ಬರಬಹುದು, 7 ಕಳೆದರಾಯಿತು. ಎರಡೂ ಬದಿಯನ್ನು 3ರಿಂದ ಗುಣಿಸಿದರೂ ಬರಬಹುದು. ವರ್ಗ ಮಾಡಿದರೆ ಬರಲಾಗದು. ಅಕ್ಷರವಿರುವ ಪದದಿಂದ ಗುಣಿಸಿದಾಗ, ಭಾಗಿಸಿದಾಗ, ಆ ಪದ ಸೊನ್ನೆಯಾಗಬಹುದೇ ಎಂದು ನಿಂತು ನೋಡಬೇಕು. ಎಲ್ಲ ಹೆಜ್ಜೆಗಳೂ ಹಿಂದಿರುಗಬಹುದಾದವೇ ಆಗಿದ್ದರೆ ತಾಳೆ ನೋಡುವುದು ಕೈತಪ್ಪು ಹಿಡಿಯಲಿಕ್ಕಷ್ಟೇ. ಒಂದೇ ಒಂದು ಹೆಜ್ಜೆ ಹಿಂದಿರುಗಲಾಗದ್ದಾಗಿದ್ದರೂ ತಾಳೆ ನೋಡುವುದು ಲೆಕ್ಕದ ಭಾಗವೇ ಆಗುತ್ತದೆ. ಅದಿಲ್ಲದೆ ಲೆಕ್ಕ ಮುಗಿದಿಲ್ಲ.

ಮಹಾವೀರಾಚಾರ್ಯರ ದಾರಿ ಈ ಹುಡುಗಿಯದಕ್ಕಿಂತ ಚೊಕ್ಕ. ಇಂಥ ಲೆಕ್ಕಗಳಿಗೆ ಅವರು ಕೊಟ್ಟ ನಿಯಮವನ್ನು ನಮ್ಮ ಸಂಖ್ಯೆಗಳಿಗೆ ಹೊಂದಿಸಿದರೆ ಹೀಗಾಗುತ್ತದೆ: ಕಾಲು ಭಾಗ ಹೋಗಿ ಉಳಿದದ್ದು ಮುಕ್ಕಾಲು. ವರ್ಗಮೂಲದ ಜತೆಗಿರುವ 2ನ್ನೂ ಎಣಿಸಿದ 15ನ್ನೂ ಮುಕ್ಕಾಲಿನಿಂದ ಭಾಗಿಸಬೇಕು. 8/3 ಮತ್ತು 20 ಸಿಗುತ್ತವೆ. 8/3ರ ಅರ್ಧ 4/3, ಅದರ ವರ್ಗ 16/9. ಅದಕ್ಕೆ 20 ಸೇರಿಸಿದರೆ 196/9; ಅದರ ವರ್ಗಮೂಲ 14/3. ಅದಕ್ಕೆ ಮತ್ತೆ 4/3 ಸೇರಿಸಿದರೆ 6. ಆರರ ವರ್ಗ 36. ಒಂಟೆಗಳ ಸಂಖ್ಯೆಯ ಬದಲು ಅದರ ವರ್ಗಮೂಲವನ್ನೇ ಅವ್ಯಕ್ತವೆಂದು ಹಿಡಿದ ದಾರಿ ಇದು. ಸಮೀಕರಣವನ್ನು ವರ್ಗ ಮಾಡಬೇಕಾದ ಪ್ರಮೇಯವೇ ಇಲ್ಲಿ ಬರುವುದಿಲ್ಲ. ನಿಯಮ ಧನಸಂಖ್ಯೆಯಾದ ಮೂಲವನ್ನಷ್ಟೇ ಎತ್ತಿಕೊಳ್ಳುವುದರಿಂದ 100/9 ಎಲ್ಲೂ ತಲೆ ಹಾಕುವುದಿಲ್ಲ.

ಅರ್ಧ ಮಾಡು, ವರ್ಗ ಮಾಡು, ಸೇರಿಸು, ಮೂಲ ತೆಗೆ. ಈ ಸರಣಿ ಮಹಾವೀರಾಚಾರ್ಯರಿಗೆ ಕೆಲವೇ ದಶಕ ಹಿಂದೆ ಬಾಗ್ದಾದಿನಲ್ಲೂ ಬರಹಕ್ಕಿಳಿದಿತ್ತು. ಸುಮಾರು 820ರ ಹೊತ್ತಿಗೆ ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲಿ ಹೆಸರಾದ ಒಂದು ಲೆಕ್ಕವಿದೆ: ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತರಷ್ಟನ್ನು ಕೂಡಿಸಿದರೆ 39, ಸಂಖ್ಯೆ ಯಾವುದು? ಅವರು ಕಾರಣವನ್ನು ಚಿತ್ರ ಬರೆದು ತೋರಿಸಿದರು. ಯ ಬದಿಯ ಒಂದು ಚೌಕ. ಅದರ ಎರಡು ಮಗ್ಗುಲಿಗೆ ಐದು ಅಗಲದ ಒಂದೊಂದು ಪಟ್ಟಿ. ಹತ್ತರಷ್ಟು ಅಂದರೆ ಎರಡು ಐದರಷ್ಟು ತಾನೆ! ಚೌಕ, ಎರಡು ಪಟ್ಟಿ ಸೇರಿ ವಿಸ್ತೀರ್ಣ 39. ಈಗ ಆಕಾರ ಹೆಚ್ಚುಕಡಿಮೆ ದೊಡ್ಡ ಚೌಕದಂತೆ ಕಾಣುತ್ತದೆ, ಒಂದು ಮೂಲೆ ಮಾತ್ರ ಖಾಲಿ. ಆ ಮೂಲೆ ಐದಕ್ಕೆ ಐದರ ಚಿಕ್ಕ ಚೌಕ, ವಿಸ್ತೀರ್ಣ 25. ಅದನ್ನು ತುಂಬಿಸಿದರೆ ದೊಡ್ಡ ಚೌಕದ ವಿಸ್ತೀರ್ಣ 64, ಬದಿ 8. ಹಾಗಾಗಿ ಯ = 3. ಪಠ್ಯಪುಸ್ತಕದಲ್ಲಿ 'ವರ್ಗವನ್ನು ಪೂರ್ಣಗೊಳಿಸುವುದು' ಎಂಬ ತಲೆಬರಹದಡಿ ಒಣಗಿ ನಿಂತಿರುವ ವಿಧಾನ ಈ ಚಿತ್ರ ಕಂಡ ಕೂಡಲೇ ಜೀವ ತಳೆಯುತ್ತದೆ. ಅರ್ಧ ಏಕೆ, ಅರ್ಧದ ವರ್ಗ ಏಕೆ ಎಂದು ಮಗು ಕೇಳುವ ಪ್ರಶ್ನೆಗೆ ಆ ಖಾಲಿ ಮೂಲೆಯೇ ಉತ್ತರ. ಈ ಚಿತ್ರವನ್ನು ಬಿಟ್ಟು ಸೂತ್ರವನ್ನಷ್ಟೇ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಚಿತ್ರಕ್ಕೂ ಒಂದು ಮಿತಿಯಿದೆ. −13 ಕೂಡ ಅದೇ ಸಮೀಕರಣಕ್ಕೆ ಹೊಂದುತ್ತದೆ: 169ರಿಂದ 130 ಕಳೆದರೆ 39. ಆದರೆ ಋಣ ಉದ್ದದ ಬದಿಯುಳ್ಳ ಚೌಕವನ್ನು ಬರೆಯುವುದು ಹೇಗೆ? ಅಲ್ ಖ್ವಾರಿಜ್ಮಿಯವರ ಪುಸ್ತಕದಲ್ಲಿ ಋಣಮೂಲಗಳಿಗೆ ಜಾಗವಿರಲಿಲ್ಲ.

ಇತ್ತ ಭಾರತದಲ್ಲಿ ಗಣಿತಜ್ಞ ಶ್ರೀಧರಾಚಾರ್ಯರು ಭಿನ್ನರಾಶಿಗಳ ಕಿರಿಕಿರಿಯನ್ನೇ ತಪ್ಪಿಸುವ ಉಪಾಯ ಕಂಡುಕೊಂಡಿದ್ದರು. ಅವರ ಬೀಜಗಣಿತದ ಗ್ರಂಥ ಕಳೆದುಹೋಗಿದೆ. ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಎತ್ತಿ ಹೇಳಿದ್ದರಿಂದ ನಿಯಮ ಉಳಿಯಿತು. ವರ್ಗದ ಗುಣಕದ ನಾಲ್ಕರಷ್ಟರಿಂದ ಎರಡೂ ಬದಿ ಗುಣಿಸು, ಅವ್ಯಕ್ತದ ಗುಣಕದ ವರ್ಗವನ್ನು ಎರಡೂ ಬದಿಗೆ ಸೇರಿಸು ಎಂಬುದೇ ಅದು. ಒಂಟೆಗಳ ಲೆಕ್ಕದಲ್ಲಿ ವರ್ಗಮೂಲವನ್ನು ಮ ಎಂದು ಕರೆದರೆ 3ಮ² − 8ಮ = 60. ಹನ್ನೆರಡರಿಂದ ಗುಣಿಸಿದರೆ 36ಮ² − 96ಮ = 720. ಎಂಟರ ವರ್ಗ 64 ಸೇರಿಸಿದರೆ ಎಡಬದಿ (6ಮ − 8)ರ ವರ್ಗ, ಬಲಬದಿ 784, ಅಂದರೆ 28ರ ವರ್ಗ. 6ಮ − 8 = 28, ಆದ್ದರಿಂದ ಮ = 6. ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಭಿನ್ನರಾಶಿಯಿಲ್ಲ. ಶಾಲೆಯ ವರ್ಗಸಮೀಕರಣದ ಸೂತ್ರವನ್ನು ಇದೇ ದಾರಿಯಲ್ಲಿ ನಾಲ್ಕು ಸಾಲಿನಲ್ಲಿ ಪಡೆಯಬಹುದು. ಹಾಗೆ ಪಡೆದವರು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಅದು ಇಂದಿನ ವಿಜಯಪುರವೆಂದು ಕನ್ನಡ ನಾಡಿನಲ್ಲಿ ಅನೇಕರು ಹೇಳುತ್ತಾರೆ, ಮಹಾರಾಷ್ಟ್ರದ ಕಡೆ ತೋರಿಸುವವರೂ ಇದ್ದಾರೆ. 'ಬೀಜಗಣಿತ'ದಲ್ಲಿ ಅವರು ಕಪಿಗಳ ಮೇಲೆ ಎರಡು ಲೆಕ್ಕ ಹೂಡಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯದರಲ್ಲಿ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ನೆಗೆದಾಡುತ್ತಿವೆ, ಉಳಿದ ಹನ್ನೆರಡು ಗುಡ್ಡದ ಮೇಲೆ ಕೂಗಾಡುತ್ತಿವೆ. ಸಮೀಕರಣ ಯ² − 64ಯ + 768 = 0; ಉತ್ತರ 48 ಅಥವಾ 16. ತಾಳೆ ನೋಡಿದರೆ ಎರಡೂ ಸರಿ: 48ರ ಎಂಟನೆಯ ಭಾಗ 6, ವರ್ಗ 36, ಅದಕ್ಕೆ 12 ಸೇರಿದರೆ 48. 16ರ ಎಂಟನೆಯ ಭಾಗ 2, ವರ್ಗ 4, ಅದಕ್ಕೆ 12 ಸೇರಿದರೆ 16. ಭಾಸ್ಕರಾಚಾರ್ಯರು ಎರಡನ್ನೂ ಒಪ್ಪುತ್ತಾರೆ.

ಎರಡನೆಯದರಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ ಮೂರು ಕಳೆದು, ಬಂದದ್ದರ ವರ್ಗ ಮಾಡಿದರೆ ಎಷ್ಟಾಗುವುದೋ ಅಷ್ಟು ಕಪಿಗಳು ಗುಹೆ ಹೊಕ್ಕಿವೆ. ಕೊಂಬೆಯ ಮೇಲೆ ಕಾಣುತ್ತಿರುವುದು ಒಂದೇ ಕಪಿ. ಸಮೀಕರಣ ಯ² − 55ಯ + 250 = 0; ಉತ್ತರ 50 ಅಥವಾ 5. ಐವತ್ತಕ್ಕೆ ತೊಂದರೆಯಿಲ್ಲ: 10 − 3 = 7, ಗುಹೆಯಲ್ಲಿ 49, ಹೊರಗೆ 1. ಐದನ್ನು ಹಾಕಿದರೆ 1 − 3 = −2, ಅದರ ವರ್ಗ 4, ಒಂದು ಸೇರಿಸಿದರೆ 5. ಸಮೀಕರಣಕ್ಕೆ ಇದೂ ತಾಳೆಯಾಗುತ್ತದೆ! ಆದರೆ ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದಕ್ಕೆ ಕಥೆಯಲ್ಲಿ ಅರ್ಥವಿಲ್ಲ. ಋಣವಾಗಿಬಿಟ್ಟ ರಾಶಿಯನ್ನು ಲೋಕ ಒಪ್ಪದು ಎಂಬ ಕಾರಣ ಕೊಟ್ಟು ಭಾಸ್ಕರಾಚಾರ್ಯರು ಐದನ್ನು ಬಿಡುತ್ತಾರೆ.

ಒಂಟೆಗಳ 100/9ಕ್ಕೂ ಕಪಿಗಳ 5ಕ್ಕೂ ಇರುವ ವ್ಯತ್ಯಾಸ ಬೀಜಗಣಿತ ಕಲಿಯುವ ಪ್ರತಿಯೊಬ್ಬರ ಮನಸ್ಸಿನಲ್ಲಿ ನಿಲ್ಲಬೇಕಾದದ್ದು. 100/9 ಸಮೀಕರಣದ್ದೇ ಅಲ್ಲ; ಬಿಡಿಸುವವರು ಇಟ್ಟ ಹೆಜ್ಜೆಯೊಂದು ಅದನ್ನು ಒಳಗೆ ಕರೆತಂದಿತು. 5 ಸಮೀಕರಣದ್ದೇ, ಅದನ್ನು ಕಳಿಸಿದ್ದು ಕಥೆ. ಹಾಗಾಗಿ ತಾಳೆ ನೋಡುವ ಕೆಲಸ ಎರಡು ಕಡೆ ಆಗಬೇಕು: ಒಮ್ಮೆ ಮೊದಲ ಸಮೀಕರಣದಲ್ಲಿ, ಇನ್ನೊಮ್ಮೆ ಸಮೀಕರಣ ಹುಟ್ಟಿದ ಸಂಗತಿಯಲ್ಲಿ. ಎಲ್ಲ ಋಣ ಉತ್ತರಗಳನ್ನೂ ಕಣ್ಣು ಮುಚ್ಚಿ ಹೊಡೆದುಹಾಕುವ ಅಭ್ಯಾಸ ಮಕ್ಕಳಿಗಿದೆ. ಈ ಕಪಿಗಳ ಲೆಕ್ಕದಲ್ಲಿ ಬಿಡಬೇಕಾದ ಉತ್ತರವೇ ಧನಸಂಖ್ಯೆ, ಹಾಗಾಗಿ ಆ ಅಭ್ಯಾಸ ಇಲ್ಲಿ ನೆರವಿಗೆ ಬಾರದು.

ಇವರೆಲ್ಲ ಲೆಕ್ಕ ಮಾಡಿದ್ದು ಇಂದಿನ ಚಿಹ್ನೆಗಳಿಲ್ಲದೆ ಎಂಬುದನ್ನೂ ನೆನೆಯಬೇಕು. ಸಮ ಎಂದು ಸೂಚಿಸುವ ಎರಡು ಸಮಾಂತರ ಗೀಟುಗಳು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1557ರಲ್ಲಿ, ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಅವರ ಪುಸ್ತಕದಲ್ಲಿ. ಭಾಸ್ಕರಾಚಾರ್ಯರು ಅವ್ಯಕ್ತಕ್ಕೆ 'ಯಾ' ಎಂದು ಬರೆದು, ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಪ್ಪು, ನೀಲಿ, ಹಳದಿ ಎಂದು ಬಣ್ಣಗಳ ಹೆಸರಿನ ಮೊದಲಕ್ಷರ ಇಡುತ್ತಿದ್ದರು.

ಬೀಜಗಣಿತದಿಂದ ತ್ರಿಕೋನಮಿತಿಗೆ ದಾಟಿದರೆ ಅದೇ ಅಪಾಯ ಅಲ್ಲೂ ಕಾದಿರುತ್ತದೆ. 0°ಯಿಂದ ಹಿಡಿದು 360°ಗಿಂತ ಕಡಿಮೆಯಿರುವ ಯಾವ ಕೋನಗಳಿಗೆ ಸೈನ್ ಕ + ಕಾಸ್ ಕ = 1? ಎರಡೂ ಬದಿ ವರ್ಗ ಮಾಡುವ ಆಸೆ ಯಾರಿಗಾದರೂ ಆಗುತ್ತದೆ, ಏಕೆಂದರೆ ಸೈನ್ ವರ್ಗ, ಕಾಸ್ ವರ್ಗ ಸೇರಿದರೆ 1 ಎಂಬುದು ಕೈಯಲ್ಲೇ ಇದೆ. ವರ್ಗ ಮಾಡಿದ ಮೇಲೆ ಉಳಿಯುವುದು 2 ಸೈನ್ ಕ × ಕಾಸ್ ಕ = 0. ಎರಡರಲ್ಲಿ ಒಂದು ಸೊನ್ನೆಯಾಗಬೇಕು. ಕೋನಗಳು 0°, 90°, 180°, 270°. ತಾಳೆ ನೋಡಿದರೆ 0° ಮತ್ತು 90° ಮಾತ್ರ ನಿಲ್ಲುತ್ತವೆ. ಉಳಿದೆರಡರಲ್ಲಿ ಮೊತ್ತ −1. ಒಂಟೆಗಳ ಲೆಕ್ಕದಲ್ಲಿ ಆದದ್ದೇ ಇಲ್ಲೂ ಆಯಿತು: ವರ್ಗ ಮಾಡಿದಾಗ 1ರ ಲೆಕ್ಕದೊಳಕ್ಕೆ −1ರ ಲೆಕ್ಕ ಬೆರೆಯಿತು.

ಇದಕ್ಕಿಂತ ಕೆಟ್ಟದ್ದು ಉತ್ತರ ಕಳೆದುಹೋಗುವುದು. 2 ಸೈನ್ ಕ × ಕಾಸ್ ಕ = ಸೈನ್ ಕ ಎಂಬ ಸಮೀಕರಣದಲ್ಲಿ ಎರಡೂ ಕಡೆ ಸೈನ್ ಕ ಇದೆಯಲ್ಲ ಎಂದು ಅದನ್ನು ಹೊಡೆದುಹಾಕಿದರೆ ಕಾಸ್ ಕ = 1/2; ಉತ್ತರ 60°, 300°. ಎರಡನ್ನೂ ತಾಳೆ ನೋಡಿದರೆ ಎರಡೂ ಸರಿ, ಮನಸ್ಸಿಗೆ ಸಮಾಧಾನ. ಆದರೆ 0° ಮತ್ತು 180° ಕೂಡ ಸರಿಯುತ್ತರಗಳು. ಅಲ್ಲಿ ಎರಡೂ ಬದಿ ಸೊನ್ನೆ. ಸೈನ್ ಕ ಸೊನ್ನೆಯಾಗಬಹುದೆಂಬುದನ್ನು ಮರೆತು ಅದರಿಂದ ಭಾಗಿಸಿದ ಕ್ಷಣದಲ್ಲೇ ಅವು ಬಿದ್ದುಹೋದವು. ಹೆಚ್ಚಿಗೆ ಬಂದ ಉತ್ತರವನ್ನು ತಾಳೆ ನೋಡಿ ಹಿಡಿಯಬಹುದು. ಬಿದ್ದುಹೋದದ್ದನ್ನು ತಾಳೆ ನೋಡಿ ಹಿಡಿಯಲಾಗದು, ಏಕೆಂದರೆ ತಾಳೆ ನೋಡಲು ಅದು ಕೈಯಲ್ಲೇ ಇರುವುದಿಲ್ಲ. ಆದ್ದರಿಂದ ಅನುಭವವಿರುವ ಶಿಕ್ಷಕರು ಭಾಗಿಸುವ ಬದಲು ಎಲ್ಲವನ್ನೂ ಒಂದು ಬದಿಗೆ ತಂದು ಅಪವರ್ತಿಸಿ ಎನ್ನುತ್ತಾರೆ: ಸೈನ್ ಕ × (2 ಕಾಸ್ ಕ − 1) = 0. ನಾಲ್ಕು ಕೋನಗಳೂ ಆಗ ಎದುರಿಗೇ ಇರುತ್ತವೆ.

ಭಾಗಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಕಾರಣ ಹೇಳಿ ಭಾಗಿಸಿದರೆ ಎಂಥ ಫಲ ಸಿಗುತ್ತದೆಂಬುದಕ್ಕೆ 18°ಯ ಸೈನ್ ಒಂದು ಸೊಗಸಾದ ನಿದರ್ಶನ. 499ರ 'ಆರ್ಯಭಟೀಯ'ದಲ್ಲಿ ಆರ್ಯಭಟರು 3438 ತ್ರಿಜ್ಯದ ವೃತ್ತಕ್ಕೆ 24 ಅರ್ಧಜ್ಯಾಗಳನ್ನು, ಅಂದರೆ ತ್ರಿಜ್ಯದಿಂದ ಗುಣಿಸಿದ ಸೈನ್‌ಗಳನ್ನು, ಕೊಟ್ಟಿದ್ದರು. ಪ್ರತಿ ಎರಡರ ನಡುವೆ 3° 45′ ಅಂತರ. ಆ ಕೋಷ್ಟಕದಲ್ಲಿ 15°ಗೆ 890, 18° 45′ಕ್ಕೆ 1105 ಇವೆ, 18° ಇಲ್ಲ. 1150ರ 'ಸಿದ್ಧಾಂತಶಿರೋಮಣಿ'ಗೆ ಸೇರಿದ 'ಜ್ಯೋತ್ಪತ್ತಿ' ಭಾಗದಲ್ಲಿ ಭಾಸ್ಕರಾಚಾರ್ಯರು 18°ಗೆ ನಿಖರವಾದ ಸೂತ್ರವನ್ನೇ ಕೊಟ್ಟರು: ತ್ರಿಜ್ಯದ ವರ್ಗದ ಐದರಷ್ಟಕ್ಕೆ ವರ್ಗಮೂಲ ತೆಗೆದು, ತ್ರಿಜ್ಯವನ್ನು ಕಳೆದು, ನಾಲ್ಕರಿಂದ ಭಾಗಿಸಬೇಕು. ಈಗಿನ ಭಾಷೆಯಲ್ಲಿ, ಸೈನ್ 18° = (√5 − 1)/4.

ಶಾಲೆಯ ಗಣಿತದಿಂದಲೇ ಅಲ್ಲಿಗೆ ಹೋಗಬಹುದು. 18ರ ಎರಡರಷ್ಟು 36, ಮೂರರಷ್ಟು 54; ಎರಡೂ ಸೇರಿದರೆ 90. ಆದ್ದರಿಂದ ಸೈನ್ 36° ಮತ್ತು ಕಾಸ್ 54° ಒಂದೇ. 18°ಯ ಸೈನ್‌ಅನ್ನು ಸ ಎಂದೂ ಕಾಸ್‌ಅನ್ನು ಪ ಎಂದೂ ಕರೆದು, ಎರಡರಷ್ಟು ಮತ್ತು ಮೂರರಷ್ಟು ಕೋನಗಳ ಸೂತ್ರ ಬಳಸಿದರೆ 2ಸಪ = 4ಪ³ − 3ಪ. ಈಗ ಪದಿಂದ ಭಾಗಿಸಬಹುದೇ? ಪ ಎಂದರೆ ಕಾಸ್ 18°; ಅದು ಸೊನ್ನೆಯಲ್ಲ ಎಂದು ಖಚಿತವಾಗಿ ಗೊತ್ತು. ಹಾಗಾಗಿ ಭಾಗಿಸಬಹುದು: 2ಸ = 4ಪ² − 3. ಪ² ಇದ್ದಲ್ಲಿ 1 − ಸ² ಇಟ್ಟರೆ

4ಸ² + 2ಸ − 1 = 0

ತ್ರಿಕೋನಮಿತಿಯ ಲೆಕ್ಕ ವರ್ಗಸಮೀಕರಣವಾಗಿ ಮುಂದೆ ನಿಂತಿತು. ಮೂಲಗಳು (√5 − 1)/4 ಮತ್ತು (−√5 − 1)/4. 18°ಯ ಸೈನ್ ಧನಸಂಖ್ಯೆ, ಆದ್ದರಿಂದ ಮೊದಲನೆಯದೇ ಉತ್ತರ. ಬೆಲೆ ಸುಮಾರು 0.309. ಆರ್ಯಭಟರ ತ್ರಿಜ್ಯದಿಂದ ಗುಣಿಸಿದರೆ 1062ಕ್ಕಿಂತ ತುಸು ಹೆಚ್ಚು. ಕೋಷ್ಟಕದ 890 ಮತ್ತು 1105ರ ನಡುವೆ 18°ಯ ಜಾಗವನ್ನು ಅನುಪಾತದಿಂದ ಲೆಕ್ಕ ಹಾಕಿದರೂ ಸರಿಯಾಗಿ 1062. ಆರೂವರೆ ಶತಮಾನಗಳ ಅಂತರದಲ್ಲಿ ಬೇರೆ ಬೇರೆ ದಾರಿಯಿಂದ ಬಂದ ಎರಡು ಲೆಕ್ಕಗಳು ಒಂದೇ ಕಡೆ ಬಂದು ಸೇರುತ್ತವೆ.

ಬಿಟ್ಟ ಮೂಲವೂ ಅನಾಥವಲ್ಲ. ಅದರ ಬೆಲೆ ಸುಮಾರು −0.809, ಅದು 234°ಯ ಸೈನ್. 234°ಯ ಎರಡರಷ್ಟು ಕೋನದ ಸೈನ್, ಮೂರರಷ್ಟು ಕೋನದ ಕಾಸ್ ಎರಡೂ ಒಂದೇ ಬೆಲೆಗೆ ಬರುತ್ತವೆ. 18°ಯನ್ನು ಮನಸ್ಸಿನಲ್ಲಿಟ್ಟು ಕೇಳಿದ ಪ್ರಶ್ನೆಗೆ, ಅದೇ ಗುಣವಿರುವ ಇನ್ನೊಂದು ಕೋನವನ್ನೂ ಸಮೀಕರಣ ತಾನಾಗಿ ಹುಡುಕಿ ತಂದಿತು.

ಇಲ್ಲಿಯವರೆಗಿನ ಲೆಕ್ಕಗಳಲ್ಲಿ ಸಂಖ್ಯೆಗಳೆಲ್ಲ ನಿಖರ. ಬಯಲಿಗಿಳಿದು ಅಳೆಯತೊಡಗಿದರೆ ಪರಿಸ್ಥಿತಿಯೇ ಬೇರೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ ಬುಕನನ್ 70 ಅಡಿ 3 ಅಂಗುಲ ಎಂದು ಬರೆದರು. ಆರ್ಥರ್ ವೆಲ್ಲೆಸ್ಲಿ ಕೊಟ್ಟ ಅಂಕಿ 60 ಅಡಿ 3 ಅಂಗುಲ. ಮುಂದೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸರಿಯಾಗಿ ಅಳತೆ ಮಾಡಿಸಿದಾಗ ಬಂದದ್ದು 57 ಅಡಿ.

ಮೂರ್ತಿಯನ್ನು ಮುಟ್ಟದೆ, ಅದರ ಪಾದದವರೆಗೂ ಹೋಗದೆ, ಎತ್ತರ ಅಳೆಯುವ ಬಗೆ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ನೆಲ ಸಮತಟ್ಟಾಗಿದೆ, ಕೋನ ಅಳೆಯುವ ಉಪಕರಣ ಪಾದದ ಮಟ್ಟದಲ್ಲಿದೆ ಎಂದುಕೊಳ್ಳೋಣ. ದೂರದಲ್ಲೊಂದು ಜಾಗದಿಂದ ಮೂರ್ತಿಯ ನೆತ್ತಿಗೆ ಉನ್ನತ ಕೋನ 30°. ಮೂರ್ತಿಯ ಕಡೆಗೆ ನೇರವಾಗಿ 41.7 ಅಡಿ ಬಂದು ಮತ್ತೆ ನೋಡಿದರೆ 45°. ಎತ್ತರ ಎ ಆಗಿದ್ದರೆ, ಹತ್ತಿರದ ಜಾಗದಿಂದ ಪಾದಕ್ಕಿರುವ ದೂರವೂ ಎ. ದೂರದ ಜಾಗದಿಂದ √3 ಎ. ಎರಡರ ವ್ಯತ್ಯಾಸವೇ ನಡೆದ ದೂರ: (√3 − 1) ಎ = 41.7. ಹಾಗಾಗಿ ಎ ಎಂದರೆ 41.7 ಭಾಗಿಸು 0.732, ಸುಮಾರು 57 ಅಡಿ.

ಈಗ ಮೊದಲ ಕೋನವನ್ನು ಅಳೆಯುವಾಗ ಒಂದೇ ಒಂದು ಡಿಗ್ರಿ ತಪ್ಪಿ, 30°ಯ ಬದಲು 31° ಎಂದು ಬರೆದುಕೊಂಡಿದ್ದರೆ? ಭಾಜಕ 0.732ರಿಂದ 0.664ಕ್ಕೆ ಇಳಿಯುತ್ತದೆ, ಎತ್ತರ ಸುಮಾರು 62.8 ಅಡಿಗೆ ಏರುತ್ತದೆ. ಎಲ್ಲ ಹೆಜ್ಜೆಗಳೂ ಸರಿಯಿದ್ದು, ಅಳತೆಯ ಒಂದು ಡಿಗ್ರಿಯಿಂದ ಆರು ಅಡಿಯಷ್ಟು ತಪ್ಪು! ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಒಂದರಿಂದ ಒಂದು ಕಳೆದು, ಉಳಿದ ಸಣ್ಣ ಸಂಖ್ಯೆಯಿಂದ ಭಾಗಿಸುವ ಹೆಜ್ಜೆ ಯಾವಾಗಲೂ ಹೀಗೆ ಸಣ್ಣ ತಪ್ಪನ್ನು ದೊಡ್ಡದು ಮಾಡುತ್ತದೆ.

ಆ ವೆಲ್ಲೆಸ್ಲಿಯ ರೆಜಿಮೆಂಟಿನವರೇ ಆದ ವಿಲಿಯಂ ಲ್ಯಾಂಬ್ಟನ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಸೇನಾಧಿಕಾರಿ ಭೂಸರ್ವೆಗಾಗಿ 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆಯತೊಡಗಿದರು. ಬಿಸಿಲಿಗೆ ಸರಪಳಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಲು ಥರ್ಮಾಮೀಟರುಗಳಿದ್ದವು. ಆ ಒಂದು ಗೆರೆಗೆ 57 ದಿನ ಹಿಡಿಯಿತು. ಆಮೇಲೆ ತ್ರಿಭುಜಗಳನ್ನು ಬೆಳೆಸಲು ನೆಲದ ಮೇಲೆ ಉದ್ದ ಅಳೆಯುವ ಕೆಲಸವೇ ಬೇಕಿರಲಿಲ್ಲ. ಗೆರೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನ ಅಳೆದರೆ, ತ್ರಿಭುಜದ ಬದಿಗಳು ಅವುಗಳ ಎದುರಿನ ಕೋನಗಳ ಸೈನ್‌ಗಳ ಅನುಪಾತದಲ್ಲಿರುತ್ತವೆ ಎಂಬ ನಿಯಮದಿಂದ ಉಳಿದೆರಡು ಬದಿಗಳು ಸಿಗುತ್ತವೆ. ಹೊಸ ಬದಿಯೇ ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ತ್ರಿಭುಜಗಳು ಹಬ್ಬಿದವು. ಇದಕ್ಕಾಗಿ ಅವರು ಹೊರಿಸಿಕೊಂಡು ತಿರುಗಿದ ಥಿಯೋಡಲೈಟ್ ಅರ್ಧ ಟನ್ ತೂಕದ್ದು. ಕೋನ ಓದುವ ಅದರ ಚಕ್ರ 36 ಅಂಗುಲ ಅಗಲ. ಒಂದು ಡಿಗ್ರಿಯ 3600ನೆಯ ಭಾಗವಾದ ಸೆಕೆಂಡುಗಳ ಮಟ್ಟದಲ್ಲಿ ಕೋನ ಬೇಕಿದ್ದರಿಂದ ಅಷ್ಟು ದೊಡ್ಡ ಚಕ್ರ ಬೇಕಾಯಿತು.

ತ್ರಿಭುಜದ ಎರಡು ಕೋನ ಗೊತ್ತಿದ್ದರೆ ಮೂರನೆಯದನ್ನು 180ರಿಂದ ಕಳೆದು ಪಡೆಯಬಹುದು. ಆದರೂ ಸರ್ವೆಯವರು ಮೂರನೆಯ ಗುಡ್ಡದ ತುದಿಗೂ ಆ ಯಂತ್ರವನ್ನು ಹೊರಿಸಿ, ಆ ಕೋನವನ್ನೂ ಅಳೆಯುತ್ತಿದ್ದರು. ಅದು ತಾಳೆ ನೋಡುವುದಕ್ಕಾಗಿ ಹತ್ತಿದ ಬೆಟ್ಟ. ಭೂಮಿ ಗುಂಡಗಿರುವುದರಿಂದ ಮೂರೂ ಕೋನಗಳ ಮೊತ್ತ 180°ಗಿಂತ ತುಸು ಹೆಚ್ಚು ಬರಬೇಕು, ತ್ರಿಭುಜದ ಪ್ರತಿ 76 ಚದರ ಮೈಲಿಗೆ ಸುಮಾರು ಒಂದು ಸೆಕೆಂಡಿನಷ್ಟು. ಅದಕ್ಕಿಂತ ಹೆಚ್ಚೋ ಕಡಿಮೆಯೋ ಬಂದರೆ ಅದು ಅಳತೆಯ ತಪ್ಪು.

1804ರಲ್ಲಿ ತ್ರಿಭುಜಗಳು ಬೆಂಗಳೂರಿಗೆ ಬಂದು ಮುಟ್ಟಿದವು. ಅಲ್ಲಿ ತಾಳೆ ನೋಡಲೆಂದೇ ಇನ್ನೊಂದು ನೇರ ಗೆರೆಯನ್ನು ಮತ್ತೆ ಸರಪಳಿ ಹಿಡಿದು ನೆಲದ ಮೇಲೆ ಅಳೆದರು. ಮದರಾಸಿನ ಗೆರೆಯಿಂದ ಹೊರಟು ಕೋನಗಳ ಬಲದಿಂದಲೇ ಇಷ್ಟು ದೂರ ಬಂದ ಲೆಕ್ಕವೂ ಅದೇ ಗೆರೆಯ ಉದ್ದವನ್ನು ಹೇಳುತ್ತಿತ್ತು. ಮೈಲಿಗಟ್ಟಲೆ ಉದ್ದದ ಗೆರೆಯಲ್ಲಿ ಲೆಕ್ಕಕ್ಕೂ ಅಳತೆಗೂ ಕಂಡ ವ್ಯತ್ಯಾಸ ಅಂಗುಲಗಳಲ್ಲಿ ಹೇಳುವಷ್ಟು. ಅಷ್ಟು ಖಾತರಿಯಾದ ಮೇಲೆ ಲ್ಯಾಂಬ್ಟನ್ ಅವರ ತ್ರಿಭುಜಗಳು ಘಟ್ಟವಿಳಿದು ಮಂಗಳೂರಿನ ಕಡಲ ತೀರ ತಲುಪಿದವು. ಪೂರ್ವದ ಕರಾವಳಿಯಿಂದ ಪಶ್ಚಿಮದ ಕರಾವಳಿಗೆ ಹಳೆಯ ನಕ್ಷೆಗಳು ಸುಮಾರು 400 ಮೈಲಿ ತೋರಿಸುತ್ತಿದ್ದವು. ಲೆಕ್ಕ ಹಾಕಿದಾಗ ಬಂದದ್ದು ಸುಮಾರು 360.